ಬಾಲವಿಲ್ಲದವರ ಬಾಲ: ಮತ್ಸ್ಯಕನ್ಯೆಯ ಉಡುಪು ಈಜಲು ಕಲಿತ ಚರಿತ್ರೆ

ಉರ್ದುವಿನಲ್ಲಿ ಜಲಪರಿ ಎನ್ನುತ್ತೇವೆ, ಕನ್ನಡದಲ್ಲಿ ಮತ್ಸ್ಯಕನ್ಯೆ. ಅಲಿಫ್ ಲೈಲಾ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ನೆಲದ ಅಬ್ದುಲ್ಲಾ ಮತ್ತು ಸಮುದ್ರದ ಅಬ್ದುಲ್ಲಾ ಎಂಬುದೊಂದು ಕಥೆಯಿದೆ. ಅದರಲ್ಲಿ ಬೆಸ್ತನೂ ಅಬ್ದುಲ್ಲಾ, ಅವನಿಗೆ ಸಾಲ ಕೊಡುವ ರೊಟ್ಟಿ ಮಾರುವವನೂ ಅಬ್ದುಲ್ಲಾ, ರಾಜನೂ ಅಬ್ದುಲ್ಲಾ! ಬಲೆಗೆ ಸಿಕ್ಕ ಸಮುದ್ರದ ಅಬ್ದುಲ್ಲಾ ಹಣ್ಣುಗಳಿಗೆ ಬದಲಾಗಿ ಮುತ್ತು ರತ್ನಗಳನ್ನು ಕೊಡುತ್ತಾನೆ. ಒಂದು ದಿನ ಮೈಗೆ ಲೇಪ ಹಚ್ಚಿ ಗೆಳೆಯನನ್ನು ನೀರಿನೊಳಗೆ ಕರೆದೊಯ್ಯುತ್ತಾನೆ. ಅಲ್ಲಿನ ಜನ ನಮ್ಮ ಬೆಸ್ತನನ್ನು ಕಂಡು ಬಿದ್ದು ಬಿದ್ದು ನಗುತ್ತಾರೆ. ಕಾರಣ, ಅವನಿಗೆ ಬಾಲವಿಲ್ಲ!

ನೀರಿಗಿಳಿದ ಮನುಷ್ಯನ ಕೊರತೆಯನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ನಮ್ಮ ಪಾದ ನಡೆಯಲು ಆದದ್ದು, ನೀರನ್ನು ತಳ್ಳಲು ಅಲ್ಲ. ಆ ಬಾಲವನ್ನು ಮನುಷ್ಯ ತಾನೇ ಮಾಡಿಕೊಂಡದ್ದು ಹೇಗೆ ಎಂಬ ಚರಿತ್ರೆ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಆದರೆ ವಿಜ್ಞಾನ, ಯುದ್ಧ, ಸಿನಿಮಾ, ಕ್ರೀಡೆ ನಾಲ್ಕೂ ಅದರಲ್ಲಿ ಸೇರಿವೆ. ಆದುದರಿಂದ ವಿದ್ಯಾರ್ಥಿ ಮಿತ್ರರಿಗೆ ಇದನ್ನು ಹೇಳಬೇಕೆನಿಸಿತು.

ಮೊದಲ ಹೆಸರು ನಿಮಗೆ ಗೊತ್ತಿರುವುದೇ. ಮಿಂಚಿನ ಪ್ರಯೋಗದ ಬೆಂಜಮಿನ್ ಫ್ರ್ಯಾಂಕ್ಲಿನ್. 1706ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿಯೇ ಒಳ್ಳೆಯ ಈಜುಗಾರ. ಚಿತ್ರಕಾರರು ಬಣ್ಣ ಕಲಸುವ ಹಲಗೆಯಂತೆ ಸುಮಾರು 10 ಅಂಗುಲ ಉದ್ದ, 6 ಅಂಗುಲ ಅಗಲದ ಎರಡು ಮರದ ಹಲಗೆಗಳನ್ನು ಮಾಡಿ, ಹೆಬ್ಬೆರಳಿಗೆ ತೂತು ಕೊರೆದು ಕೈಗೆ ಹಿಡಿದು ಈಜಿದರು. ವೇಗ ಹೆಚ್ಚಾಯಿತು, ಆದರೆ ಮಣಿಕಟ್ಟು ಸೋತಿತು. ಪಾದಕ್ಕೂ ಚಪ್ಪಲಿಯಂತಹ ಹಲಗೆ ಕಟ್ಟಿ ನೋಡಿದರು. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಈಜುವಾಗ ಒದೆಯುವುದು ಅಂಗಾಲು ಮಾತ್ರವಲ್ಲ, ಪಾದದ ಒಳಬದಿ ಮತ್ತು ಕಣಕಾಲೂ ಸೇರಿ ಎಂದು ಅವರು ಕಾರಣ ಕೊಟ್ಟರು. ಪ್ರಯೋಗ ವಿಫಲವಾದರೂ ಕಾರಣ ಸರಿಯಾಗಿ ಗುರುತಿಸುವುದೇ ವಿಜ್ಞಾನ ಎಂದು ನಾನು ತರಗತಿಯಲ್ಲಿ ಹೇಳುವಾಗ ಈ ಉದಾಹರಣೆ ಕೊಡುತ್ತೇನೆ.

ಅಲ್ಲಿಂದ ಮುಂದೆ ಸುಮಾರು ಇನ್ನೂರು ವರ್ಷ ಹೇಳಿಕೊಳ್ಳುವಂತಹ ಪ್ರಗತಿಯಾಗಲಿಲ್ಲ. ಮರ ಬಾಗದು, ಬಟ್ಟೆ ನಿಲ್ಲದು. ಬಾಗಿ ಮತ್ತೆ ನೆಟ್ಟಗಾಗುವ ವಸ್ತು ಬೇಕಿತ್ತು. ಅದು ರಬ್ಬರು. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಲೂಯಿ ದ ಕೊರ್ಲ್ಯೂ 1914ರಲ್ಲಿಯೇ ತನ್ನ ಈಜುರೆಕ್ಕೆಯ ಮಾದರಿಯನ್ನು ತೋರಿಸಿದರು. ಮಹಾಯುದ್ಧ ಬಂದಿತು, ಕೆಲಸ ನಿಂತಿತು. ಪೇಟೆಂಟ್ ದೊರೆತದ್ದು 1933ರಲ್ಲಿ. ತಯಾರಿಕೆ ಪ್ರಾರಂಭವಾಗುವಾಗ 1939, ಮತ್ತೊಂದು ಮಹಾಯುದ್ಧ! ಅಮೆರಿಕದ ಓವೆನ್ ಚರ್ಚಿಲ್ ಎಂಬುವರು, 1932ರ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದವರು, ತಾಹಿತಿ ದ್ವೀಪದಲ್ಲಿ ಹುಡುಗರು ಕಾಲಿಗೆ ರಬ್ಬರು ಕಟ್ಟಿ ಈಜುವುದನ್ನು ಕಂಡಿದ್ದರು. ಅವರು ಕೊರ್ಲ್ಯೂ ಅವರಿಂದ ಪರವಾನಗಿ ಪಡೆದು 1940ರಲ್ಲಿ ಮಾರಾಟಕ್ಕಿಳಿದರು. ಮೊದಲ ವರ್ಷ ಮಾರಾಟವಾದದ್ದು 946 ಜೋಡಿ ಮಾತ್ರ. ಬಳಿಕ ಅಮೆರಿಕ, ಬ್ರಿಟನ್ನುಗಳ ಯುದ್ಧ ಮುಳುಗುಗಾರರಿಗೆ ಬೇಕಾಗಿ ಅವು ಸಾವಿರಗಟ್ಟಲೆ ಹೋದವು. ಇಂದು ಮಕ್ಕಳು ಹಾಕುವ ಕಪ್ಪೆಕಾಲಿನಂತಹ ಫಿನ್ ಇದರ ಸಂತತಿಯೇ.

ಇತ್ತ ಮತ್ಸ್ಯಕನ್ಯೆಯ ಕಡೆ ಬರೋಣ. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1886ರಲ್ಲಿ ಹುಟ್ಟಿದ ಆನೆಟ್ ಕೆಲ್ಲರ್ಮನ್ ಎಂಬ ಬಾಲಕಿಯ ಕಾಲುಗಳು ದುರ್ಬಲವಾಗಿದ್ದವು. ಉಕ್ಕಿನ ಕಟ್ಟು ಹಾಕಿಕೊಂಡು ನಡೆಯಬೇಕಾಗಿತ್ತು. ಕಾಲಿಗೆ ಬಲ ಬರಲೆಂದು ತಂದೆತಾಯಿ ಈಜಿಗೆ ಕಳುಹಿಸಿದರು. ನೆಲದ ಮೇಲೆ ಕುಂಟುತ್ತಿದ್ದ ಮಗು ನೀರಿನಲ್ಲಿ ಎಲ್ಲರನ್ನೂ ಮೀರಿಸಿತು. ಮುಂದೆ ಆಕೆ ಸಿನಿಮಾಕ್ಕೆ ಬಂದರು. 1911ರ 'ದಿ ಮರ್ಮೇಡ್' ಚಿತ್ರದಲ್ಲಿ ಬಾಲ ತೊಟ್ಟು ನಿಜವಾಗಿ ಈಜಿದ ಮೊದಲ ನಟಿ ಆಕೆ ಎನ್ನುತ್ತಾರೆ. ತನ್ನ ಬಾಲಗಳನ್ನು ತಾನೇ ವಿನ್ಯಾಸ ಮಾಡಿಕೊಳ್ಳುತ್ತಿದ್ದರು. ಆಗಿನ್ನೂ ಕೊರ್ಲ್ಯೂ ಅವರ ರಬ್ಬರು ಇರಲಿಲ್ಲ ಎಂಬುದನ್ನು ಗಮನಿಸಬೇಕು. ನೀರನ್ನು ತಳ್ಳುವಂತೆ ಬಾಗಿ ನೆಟ್ಟಗಾಗುವ ಈಜುರೆಕ್ಕೆ ಅಂದಿನ ಬಾಲದೊಳಗೆ ಸಿಗುವಂತಿರಲಿಲ್ಲ. ಉಡುಪು ನೀರು ಕುಡಿದು ಭಾರವಾದಷ್ಟೂ ಕಾಲಿನ ಶಕ್ತಿಯೇ ಅದನ್ನು ಎಳೆಯಬೇಕು. ಉಕ್ಕಿನ ಕಟ್ಟಿನಲ್ಲಿದ್ದ ಕಾಲುಗಳು ಆ ಕೆಲಸ ಮಾಡಿದವು ಎಂಬುದನ್ನು ನೆನೆದಾಗ ನನಗೆ ಆಕೆಯ ಸಿನಿಮಾಗಳಿಗಿಂತ ಆ ಕಾಲುಗಳ ಮೇಲೆಯೇ ಹೆಚ್ಚು ಗೌರವ.

1947ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ವೀಕಿ ವಾಚಿ ಎಂಬ ಬುಗ್ಗೆಯಲ್ಲಿ ನ್ಯೂಟನ್ ಪೆರ್ರಿ ಎಂಬುವರು ನೀರಿನೊಳಗಿನ ನಾಟಕಶಾಲೆ ತೆರೆದರು. ಇವರು ಯುದ್ಧಕಾಲದಲ್ಲಿ ನೌಕಾಪಡೆಯ ಮುಳುಗುಗಾರರಿಗೆ ತರಬೇತಿ ಕೊಟ್ಟವರು. ಪ್ರೇಕ್ಷಕರು ನೀರಿನ ಮಟ್ಟಕ್ಕಿಂತ ಕೆಳಗೆ ಗಾಜಿನ ಹಿಂದೆ ಕುಳಿತು ನೋಡುತ್ತಾರೆ. ಈಜುಗಾರ್ತಿಯರು ರಬ್ಬರು ಕೊಳವೆಯಿಂದ ಗಾಳಿ ಎಳೆದುಕೊಂಡು ನೀರಿನಲ್ಲಿಯೇ ಬಾಳೆಹಣ್ಣು ತಿಂದು ತೋರಿಸುತ್ತಾರೆ. ಆರಂಭದಲ್ಲಿ ಹೆದ್ದಾರಿಯಲ್ಲಿ ಕಾರಿನ ಸದ್ದು ಕೇಳಿದರೆ ಹುಡುಗಿಯರೇ ಓಡಿಹೋಗಿ ಪ್ರೇಕ್ಷಕರನ್ನು ಕೈಬೀಸಿ ಕರೆಯುತ್ತಿದ್ದರಂತೆ. 2008ರಲ್ಲಿ ಅದು ಆ ರಾಜ್ಯದ ಸರಕಾರಿ ಉದ್ಯಾನವಾಯಿತು. ಬಾಲದ ತಯಾರಿಕೆಯ ದೃಷ್ಟಿಯಿಂದ ಅಂದಿನ ಉಪಾಯ ಸರಳ: ಬಟ್ಟೆಯ ಬಾಲ, ಅದರೊಳಗೆ ಎರಡು ಬೇರೆ ಬೇರೆ ಫಿನ್. ಎರಡು ಫಿನ್‌ಗಳು ಒಂದಕ್ಕೊಂದು ಉಜ್ಜುತ್ತವೆ, ಒಂದರ ಮೇಲೊಂದು ಏರುತ್ತವೆ, ಬಾಲ ಹೊರಗಿನಿಂದ ಒಂದಾಗಿ ಕಂಡರೂ ಒಳಗೆ ಎರಡಾಗಿಯೇ ಒದೆಯುತ್ತದೆ.

ಈ ತೊಂದರೆಗೆ ಪರಿಹಾರ ಸಿಕ್ಕಿದ್ದು ಸಿನಿಮಾದಿಂದಲ್ಲ. ಕ್ರೀಡೆಯಿಂದ, ಅದೂ ಸೋವಿಯತ್ ಒಕ್ಕೂಟದಿಂದ. ಫಿನ್ ಹಾಕಿ ಈಜುವ ಸ್ಪರ್ಧೆ ಯುರೋಪಿನಲ್ಲಿ ಬೆಳೆದಿತ್ತು. 1959ರಲ್ಲಿ ನೀರಿನೊಳಗಿನ ಕ್ರೀಡೆಗಳ ವಿಶ್ವಸಂಸ್ಥೆ ಸಿ.ಎಂ.ಎ.ಎಸ್. ಸ್ಥಾಪನೆಯಾಗಿ, ಪ್ರಸಿದ್ಧ ಸಮುದ್ರ ಸಂಶೋಧಕ ಜಾಕ್ ಕುಸ್ತೋ ಅದರ ಮೊದಲ ಅಧ್ಯಕ್ಷರಾದರು. 1970ರ ದಶಕದ ಆರಂಭದಲ್ಲಿ ಸೋವಿಯತ್ ಈಜುಗಾರರು ಎರಡೂ ಪಾದಗಳನ್ನು ಒಂದೇ ಅಗಲವಾದ ಹಾಳೆಗೆ ಜೋಡಿಸಿದರು. ಇದೇ ಮೊನೊಫಿನ್, ಅಂದರೆ ಒಂಟಿ ಈಜುರೆಕ್ಕೆ. ಜೋಡಿ ಫಿನ್‌ನ ದಾಖಲೆಗಳೆಲ್ಲ ಉರುಳಿದವು. 1976ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಇಂದು ಬರಿಗಾಲಿನ ಅತ್ಯಂತ ವೇಗದ ಪುರುಷ ಈಜುಗಾರನಿಗೆ 50 ಮೀಟರಿಗೆ ಸುಮಾರು 21 ಸೆಕೆಂಡು ಬೇಕು. ಮೊನೊಫಿನ್ ತೊಟ್ಟವನಿಗೆ ಸುಮಾರು 15 ಸಾಕು.

ಇದೇಕೆ ಹೀಗೆ? ಪ್ರೌಢಶಾಲೆಯ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ. ನಾವು ಮುಂದೆ ಹೋಗಬೇಕಾದರೆ ನೀರನ್ನು ಹಿಂದೆ ತಳ್ಳಬೇಕು. ಸಿಗುವ ನೂಕುಬಲ ನೀರಿನ ರಾಶಿ ಮತ್ತು ವೇಗಗಳ ಗುಣಲಬ್ಧವನ್ನು ಅನುಸರಿಸುತ್ತದೆ. ಆದರೆ ನಾವು ತೆರಬೇಕಾದ ಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಹಾಗಾದರೆ ಸ್ವಲ್ಪ ನೀರನ್ನು ವೇಗವಾಗಿ ತಳ್ಳುವುದು ದುಬಾರಿ, ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವುದು ಅಗ್ಗ. ಅಗಲವಾದ ಮೊನೊಫಿನ್ ಮಾಡುವುದು ಎರಡನೆಯದನ್ನು. ಇನ್ನೊಂದು ಸ್ವಾರಸ್ಯವಿದೆ. ಮೀನು ಬಾಲವನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ. ಡಾಲ್ಫಿನ್ ಸಸ್ತನಿಯಾದುದರಿಂದ ಅದರ ಬೆನ್ನೆಲುಬು ನಮ್ಮಂತೆ ಮುಂದೆ ಹಿಂದೆ ಬಾಗುತ್ತದೆ, ಆದುದರಿಂದ ಅದರ ಬಾಲ ಮೇಲೂ ಕೆಳಗೂ ಬೀಸುತ್ತದೆ. ಚಿತ್ರಕಾರರು ಮತ್ಸ್ಯಕನ್ಯೆಗೆ ಮೀನಿನ ಹುರುಪೆ ಬರೆದರೂ ಮನುಷ್ಯ ಈಜಬಲ್ಲದ್ದು ಡಾಲ್ಫಿನ್‌ನಂತೆ ಮಾತ್ರ. (ಡಾಲ್ಫಿನ್ ಬಾಲದ ಬಲವನ್ನು ನೀರ್ಗುಳ್ಳೆಗಳ ಸಹಾಯದಿಂದ ಅಳೆದ ತಂಡದ ವಿಜ್ಞಾನಿಯೊಬ್ಬರ ಹೆಸರು ಫ್ರ್ಯಾಂಕ್ ಫಿಶ್!)

1984ರಲ್ಲಿ 'ಸ್ಪ್ಲ್ಯಾಶ್' ಎಂಬ ಹಾಲಿವುಡ್ ಚಿತ್ರ ಬಂದಿತು. ರಾಬರ್ಟ್ ಶಾರ್ಟ್ ತಯಾರಿಸಿದ ಬಾಲವನ್ನು ತೊಟ್ಟು ನಟಿ ಡ್ಯಾರಿಲ್ ಹ್ಯಾನಾ ತಾವೇ ಈಜಿದರು. ಅದನ್ನು ನೋಡಿದ ಹನ್ನಾ ಫ್ರೇಸರ್ ಎಂಬ ಒಂಬತ್ತು ವರ್ಷದ ಹುಡುಗಿ ಪ್ಲಾಸ್ಟಿಕ್ ಮೇಜುಹಾಸಿನಿಂದ ತನಗೊಂದು ಬಾಲ ಹೊಲಿದುಕೊಂಡಳು. ದೊಡ್ಡವಳಾದ ಮೇಲೆ ಅದೇ ಆಕೆಯ ವೃತ್ತಿಯಾಯಿತು. ಹೀಗೆ ಒಂದು ತಲೆಮಾರು ಸ್ಪರ್ಧೆಯ ಮೊನೊಫಿನ್ ತಂದು ಅದಕ್ಕೆ ಬಾಲದ ಚರ್ಮ ಹೊದಿಸಲು ತೊಡಗಿತು. ಕ್ರೀಡೆಯೂ ಕಥೆಯೂ ಇಲ್ಲಿ ಒಂದಾದವು.

ಒಂದಾಗುವುದು ಸುಲಭವಿರಲಿಲ್ಲ. ಸ್ಪರ್ಧೆಯ ಮೊನೊಫಿನ್ ಗಾಜಿನ ನಾರಿನ ಗಟ್ಟಿ ಹಾಳೆ. ನಿಯಮದಂತೆ ಅದರ ಅಗಲ 760 ಮಿಲಿಮೀಟರ್ ಮೀರುವಂತಿಲ್ಲ. ಅಂಚು ಬಹುಮಟ್ಟಿಗೆ ನೇರ. ಮತ್ಸ್ಯಕನ್ಯೆಯ ಬಾಲದ ತುದಿಯಾದರೋ ಎರಡು ಕವಲಾಗಿ ಬಾಗಿರಬೇಕು. ಆದುದರಿಂದ ತಯಾರಕರು ಹಾಳೆಯ ನಡುವೆ ಕೊಯ್ದು ಕವಲು ಮಾಡಿದರು, ಅಥವಾ ಅಂಚಿಗೆ ನಿಯೋಪ್ರೀನ್ ರಬ್ಬರಿನ ಮೃದುವಾದ ತುದಿಗಳನ್ನು ಸೇರಿಸಿದರು. ಎಷ್ಟು ಸೇರಿಸಬಹುದು ಎಂಬುದರಲ್ಲಿಯೇ ಜಾಣತನ. ಒಳಗಿನ ಗಟ್ಟಿ ಹಾಳೆಯನ್ನು ಮೀರಿ ಹೆಚ್ಚು ಚಾಚಿದ ತುದಿ ಒದೆತಕ್ಕೆ ನಿಲ್ಲದೆ ಮಡಚಿಕೊಂಡು ಬ್ರೇಕಿನಂತೆ ಹಿಂದಕ್ಕೆಳೆಯುತ್ತದೆ. ಹಾಗಾಗಿ ಒಳ್ಳೆಯ ತಯಾರಕರು ಮೊದಲು ಮೊನೊಫಿನ್ ಆರಿಸಿ ಆಮೇಲೆ ಅದರ ಸುತ್ತ ಬಾಲ ಬರೆಯುತ್ತಾರೆ. ಬಾಲದ ಚಿತ್ರ ಮೊದಲು ಬರೆದು ಅದಕ್ಕೆ ಫಿನ್ ಹುಡುಕುವವರು ಕೆಡುತ್ತಾರೆ. ನಮ್ಮ ಟೈಲರುಗಳು ಅಳತೆ ತೆಗೆದೇ ಬಟ್ಟೆ ಕತ್ತರಿಸುವುದಿಲ್ಲವೇ?

ಗಡಸುತನದ ಪ್ರಶ್ನೆಯೂ ಇದೆ. ಗಟ್ಟಿ ಹಾಳೆ ವೇಗ ಕೊಡುತ್ತದೆ, ಆದರೆ ಅಭ್ಯಾಸವಿಲ್ಲದವರ ಕಣಕಾಲು ಮತ್ತು ಸೊಂಟಕ್ಕೆ ಪೆಟ್ಟು. ಹೊಸಬರಿಗೆ ಬಾಗುವ ಪ್ಲಾಸ್ಟಿಕ್ಕಿನದೇ ಲೇಸು. ಮನೆಯಲ್ಲಿ ಮಾಡುವವರು ಪಾಲಿಕಾರ್ಬೊನೇಟ್ ಹಾಳೆ ಕತ್ತರಿಸಿ ಅದಕ್ಕೆ ಹಳೆಯ ಫಿನ್‌ನ ಪಾದಚೀಲ ಬಿಗಿಯುವುದುಂಟು. ಕತ್ತರಿಸಿದ ಅಂಚನ್ನು ಉಜ್ಜಿ ನುಣುಪು ಮಾಡದಿದ್ದರೆ ಬಟ್ಟೆಯನ್ನು ಸೀಳುತ್ತದೆ, ಪಕ್ಕದವರನ್ನೂ ಕೊಯ್ಯುತ್ತದೆ. ಪಾದಚೀಲ ಬಿಗಿಯಾದರೆ ಕಾಲು ಜೋಮು ಹಿಡಿಯುತ್ತದೆ, ಸಡಿಲವಾದರೆ ಫಿನ್ ಜಾರುತ್ತದೆ. ತೆಳು ನಿಯೋಪ್ರೀನ್ ಕಾಲುಚೀಲ ಹಾಕಿಕೊಂಡರೆ ಬೊಬ್ಬೆ ಏಳುವುದಿಲ್ಲ. ಇನ್ನು ಮೇಲಿನ ಚರ್ಮ: ಹಿಗ್ಗುವ ಈಜುಡುಪಿನ ಬಟ್ಟೆಯಾದರೆ ಹಗುರ, ಬೇಗ ಕಳಚಬಹುದು. ಸಿಲಿಕೋನಿನದು ನಿಜವಾದ ಮೀನಿನಂತೆ ಕಾಣುತ್ತದೆ, ಆದರೆ ನೆಲದ ಮೇಲೆ ಅಕ್ಕಿಮೂಟೆ ಹೊತ್ತಂತೆ. ನಿಯೋಪ್ರೀನ್ ತೇಲುವ ಗುಣದ್ದಾದುದರಿಂದ ಕಾಲು ಮೇಲೆದ್ದು ತಲೆ ಕೆಳಗಾಗುವ ಸಂಭವವಿದೆ, ಅದಕ್ಕೆ ತಕ್ಕ ತೂಕ ಸೇರಿಸಬೇಕು. ಅಂದಕ್ಕಿಂತ ಕಳಚುವ ಸೌಲಭ್ಯವನ್ನು ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಹೀಗೆ ಹೇಳಲು ಕಾರಣವಿದೆ. ಬಾಲ ತೊಡುವುದೆಂದರೆ ಎರಡು ಕಾಲುಗಳನ್ನು ಕಟ್ಟಿ ನೀರಿಗಿಳಿಯುವುದು. ನೀರಿನಲ್ಲಿ ನಿಂತು ತೇಲಲು ನಾವು ಸಹಜವಾಗಿ ಒಂದೊಂದೇ ಕಾಲು ಆಡಿಸುತ್ತೇವೆ, ಬಾಲದೊಳಗೆ ಅದು ಸಾಧ್ಯವಿಲ್ಲ. ಬೆದರಿದ ಮಗು ಮಾಡುವ ಮೊದಲ ಪ್ರಯತ್ನವೇ ಅದು. ಬಾಲಗಳು ಆಟಿಕೆಯಂತೆ ಅಂಗಡಿಗಳಿಗೆ ಬಂದಾಗ ಕೆನಡಾದ ಎಡ್ಮಂಟನ್ ನಗರಾಡಳಿತ 2015ರಲ್ಲಿ ತನ್ನ ಈಜುಕೊಳಗಳಲ್ಲಿ ಅವನ್ನು ನಿಷೇಧಿಸಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ರಷ್ಯದ ನತಾಲಿಯಾ ಮೊಲ್ಚನೋವಾ ಸ್ಪೇನಿನ ಫಾರ್ಮೆಂಟೆರಾ ದ್ವೀಪದ ಬಳಿ ಸಮುದ್ರದಲ್ಲಿ ಕಾಣೆಯಾದರು. ಇವರು 2009ರಲ್ಲಿ ಈಜಿಪ್ಟಿನ ಸಮುದ್ರದಲ್ಲಿ ಮೊನೊಫಿನ್ ತೊಟ್ಟು ಒಂದೇ ಉಸಿರಿನಲ್ಲಿ 101 ಮೀಟರ್ ಆಳಕ್ಕೆ ಇಳಿದು ಬಂದವರು. 100 ಮೀಟರ್ ದಾಟಿದ ಮೊದಲ ಮಹಿಳೆ. ಮರಳಿ ಬಾರದ ದಿನ ಅವರು ದಾಖಲೆಗಾಗಿ ಇಳಿದಿರಲಿಲ್ಲ, ಅವರಿಗೆ ಅದು ಸಾಧಾರಣ ಮುಳುಗು. ಅಷ್ಟು ಬಲ್ಲವರನ್ನೇ ನೀರು ಬಿಡಲಿಲ್ಲ. ಕಾಲು ಬಿಟ್ಟು ಚೆನ್ನಾಗಿ ಈಜಬಲ್ಲವರು ಮಾತ್ರ, ಈಜು ಬಲ್ಲ ದೊಡ್ಡವರು ಕೈಗೆಟಕುವ ದೂರದಲ್ಲಿದ್ದಾಗ ಮಾತ್ರ, ಕಣ್ಣು ಮುಚ್ಚಿಕೊಂಡೂ ಬಾಲ ಕಳಚುವ ಅಭ್ಯಾಸ ಮಾಡಿದ ಮೇಲೆ ಮಾತ್ರ ಇದಕ್ಕೆ ಕೈಹಾಕಬೇಕು. ಕೆರೆ, ಬಾವಿ, ಕಾಲುವೆಗಳಲ್ಲಿ ಇದರ ಯೋಚನೆಯೇ ಬೇಡ.

ಕೊನೆಯದಾಗಿ ನ್ಯೂಜಿಲೆಂಡಿನ ಒಂದು ಸಂಗತಿ. ಬಾಲ್ಯದಲ್ಲಿ ಕಾಯಿಲೆಯಿಂದ ಎರಡೂ ಕಾಲುಗಳನ್ನು ಕಳೆದುಕೊಂಡ ಅಲ್ಲಿನ ಮಹಿಳೆಯೊಬ್ಬರು ಈಜುಗಾರ್ತಿ. ಕೃತಕ ಕಾಲು ಕಳಚುತ್ತಿದ್ದಾಗ ನಿನಗೆ ಕಾಲು ಏಕಿಲ್ಲ ಎಂದು ಒಂದು ಮಗು ಕೇಳಿತು. ನಾನು ಮತ್ಸ್ಯಕನ್ಯೆ ಎಂದು ಅವರು ಉತ್ತರಿಸಿದರು. ಆ ಉತ್ತರ ಅವರ ಮನಸ್ಸಿನಲ್ಲಿಯೇ ಉಳಿಯಿತು. 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳಿಗೆ ವೇಷ, ಆಯುಧಗಳನ್ನು ಮಾಡಿದ ವೆಲ್ಲಿಂಗ್ಟನ್ನಿನ ವೇಟಾ ವರ್ಕ್‌ಶಾಪ್‌ಗೆ ಅವರು ಪತ್ರ ಬರೆದರು. ಸಂಸ್ಥೆಯವರು ಒಪ್ಪಿದರು. ಅವರಿಗೆ ಪಾದವಿಲ್ಲ, ಆದ್ದರಿಂದ ಮೊನೊಫಿನ್‌ನ ಪಾದಚೀಲ ಉಪಯೋಗಕ್ಕಿಲ್ಲ. ಶಿಲ್ಪಿಗಳು ಪಾಲಿಕಾರ್ಬೊನೇಟಿನಿಂದ ಬಾಗುವ ಬೆನ್ನೆಲುಬು ಮತ್ತು ಬಾಲದ ತುದಿ ಮಾಡಿ, ಮುಳುಗುಗಾರರ ಉಡುಪಿನ ಬಟ್ಟೆ ಹೊದಿಸಿ, ಅದರ ಮೇಲೆ ಹುರುಪೆಯ ಚಿತ್ರ ಮುದ್ರಿಸಿದರು. ಸೊಂಟದಿಂದ ಹೊರಟ ಅಲೆ ಎಲುಬಿನ ಮೂಲಕ ಸಾಗಿ ತುದಿಯನ್ನು ಬೀಸುತ್ತದೆ. 2009ರಲ್ಲಿ ಅವರು ಅದನ್ನು ತೊಟ್ಟು ಸಮುದ್ರದಲ್ಲಿ ಈಜಿದರು.