ಎಣಿಕೆಗೆ ಸಿಕ್ಕದ ನಾಡಿನ ಜನ

ಅಫಘಾನಿಸ್ತಾನದ ಪ್ರಪ್ರಥಮ ರಾಷ್ಟ್ರೀಯ ಜನಗಣತಿಯು 1979ರಲ್ಲಿ ಆರಂಭವಾಯಿತು. ಆದರೆ ಹಿಂದಿನ ವರ್ಷದ ಏಪ್ರಿಲ್ ಕ್ರಾಂತಿಯ ತರುವಾಯ ಎದ್ದ ದಂಗೆಗಳು ಹಳ್ಳಿಗಾಡನ್ನೆಲ್ಲ ವ್ಯಾಪಿಸಿದ್ದುದರಿಂದ, ಗಣತಿದಾರರು ಅನೇಕ ಪ್ರಾಂತಗಳಲ್ಲಿ ಕಾಲಿಡಲಾರದೆ ಹೋಗಿ, ಆ ಮಹಾಕಾರ್ಯವು ಅಪೂರ್ಣವಾಗಿಯೇ ನಿಂತಿತು. ಅದೇ ಡಿಸೆಂಬರಿನಲ್ಲಿ ಸೋವಿಯೆತ್ ಸೈನ್ಯವು ಗಡಿ ದಾಟಿತು. ಅಂದಿನಿಂದ ಆ ದೇಶದಲ್ಲಿ ಪೂರ್ಣ ಜನಗಣತಿಯೆಂಬುದು ನಡೆದೇ ಇಲ್ಲ. ಸ್ವದೇಶದಲ್ಲಿ ಯಾವ ಲೆಕ್ಕಕ್ಕೂ ಸೇರದೆ ಬಾಳಿದ ಅನೇಕರು, ತಮ್ಮ ಹೆಸರು, ವಯಸ್ಸು, ಮಾತೃಭಾಷೆಗಳನ್ನು ಮೊದಲ ಬಾರಿಗೆ ಬರೆಸಿದ್ದು ಪರದೇಶದ ಶಿಬಿರಗಳಲ್ಲಿ.

1990ರ ವೇಳೆಗೆ ದೇಶತ್ಯಾಗ ಮಾಡಿದ್ದವರ ಸಂಖ್ಯೆ 60 ಲಕ್ಷವನ್ನು ಮೀರಿದ್ದಿತು. ಅವರಲ್ಲಿ ಬಹುಪಾಲು ಜನರಿಗೆ ಆಶ್ರಯವಿತ್ತವು ನೆರೆಯ ಪಾಕಿಸ್ತಾನ ಮತ್ತು ಇರಾನುಗಳೇ. ದೂರದ ಅಮೆರಿಕವನ್ನು ಮುಟ್ಟಿದವರು ಅತ್ಯಲ್ಪ. ಅವರಲ್ಲಿಯೂ ಕಾಬೂಲ್ ನಗರದ ವೈದ್ಯರು, ಅಧ್ಯಾಪಕರು, ಸರ್ಕಾರಿ ಅಧಿಕಾರಿಗಳೇ ಹೆಚ್ಚು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಪಟ್ಟಣದಲ್ಲಿ ‘ಲಿಟಲ್ ಕಾಬೂಲ್’ ಎಂದು ಹೆಸರಾದ ಕೇರಿ ಬೆಳೆದದ್ದು ಇವರಿಂದ. ಕಾದಂಬರಿಕಾರ ಖಾಲಿದ್ ಹುಸೇನಿಯವರ ತಂದೆ ರಾಜತಾಂತ್ರಿಕರಾಗಿದ್ದವರು. 1980ರಲ್ಲಿ ಆ ಕುಟುಂಬವು ಸಮೀಪದ ಸ್ಯಾನ್ ಹೋಸೆಗೆ ಬಂದು ನೆಲೆಸಿ, ಕೆಲಕಾಲ ಸರ್ಕಾರದ ಸಹಾಯದಿಂದ ಜೀವಿಸಬೇಕಾಯಿತು. ವಿದ್ಯೆಯುಂಟು, ಅದಕ್ಕೆ ತಕ್ಕ ಸ್ಥಾನವಿಲ್ಲ ಎಂಬುದೇ ಆ ತಲೆಮಾರಿನ ವ್ಯಥೆಯಾಗಿದ್ದಿತು.

2021ರ ಆಗಸ್ಟ್ 15ರಂದು ಕಾಬೂಲ್ ಪತನವಾದ ಮೇಲೆ ಬಂದವರ ಚಿತ್ರವೇ ಬೇರೆ. ಸುಮಾರು 76,000 ಜನರನ್ನು ಅಮೆರಿಕವು ಕೆಲವೇ ತಿಂಗಳಲ್ಲಿ ಬರಮಾಡಿಕೊಂಡು, ಎಂಟು ಸೈನಿಕ ನೆಲೆಗಳಲ್ಲಿ ಇರಿಸಿತು. ವಿಸ್ಕಾನ್ಸಿನ್ನಿನ ಫೋರ್ಟ್ ಮೆಕಾಯ್ ಒಂದರಲ್ಲಿಯೇ ಒಂದು ಹಂತದಲ್ಲಿ 12,000ಕ್ಕೂ ಮಿಕ್ಕ ಜನರಿದ್ದರು. ಹತ್ತು ಮಂದಿಯಲ್ಲಿ ಸುಮಾರು ನಾಲ್ವರು ಮಕ್ಕಳು! ಹೆತ್ತವರಿಂದ ಅಗಲಿ ಒಂಟಿಯಾಗಿ ಬಂದ ಬಾಲಕರೂ ಆ ಗುಂಪಿನಲ್ಲಿದ್ದರು. ದರಿ, ಪಶ್ತೊ, ಉಜ್ಬೆಕ್ ಮಾತುಗಳು ಒಂದೇ ಊಟದ ಸಾಲಿನಲ್ಲಿ ಕೇಳಿಬರುತ್ತಿದ್ದವು. ಅವರ ದಾಖಲೆಗಳನ್ನು ತೆರೆದು ನೋಡಿದರೆ, ಅಸಂಖ್ಯಾತರ ಜನ್ಮದಿನ ಜನವರಿ 1 ಎಂದೇ ಇರುತ್ತದೆ. ಜನನ ಪತ್ರವನ್ನು ಕಾಣದ ನಾಡಿನಿಂದ ಬಂದವರಿಗೆ, ಅಂದಾಜಿನ ವರ್ಷವೊಂದನ್ನು ಹಿಡಿದು ಗುಮಾಸ್ತರು ಕೊಟ್ಟ ದಿನವದು. ಒಂಟಿ ಹೆಸರಿನವರಂತೂ, ಕುಲನಾಮದ ಕಲಮನ್ನು ತುಂಬಲು ತಮ್ಮ ಆ ಒಂದೇ ಹೆಸರನ್ನು ತೆತ್ತು, ‘ಮೊದಲ ಹೆಸರು ತಿಳಿಯದು’ ಎಂಬ ಒಕ್ಕಣೆಯನ್ನು ಹೊತ್ತು ತಿರುಗಬೇಕಾಯಿತು.

ಅಂಕಿಗಳು ತೋರದ ಒಂದು ಅಂತರವು ಮನೆಗಳ ಒಳಗೇ ಇದ್ದಿತು. ಅಮೆರಿಕದ ಪಡೆಗಳಿಗೆ ದುಭಾಷಿಗಳಾಗಿ ದುಡಿದ ಗಂಡಸರು ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡುವವರು. 2009ರ ಶಾಸನದ ಪ್ರಕಾರ ವಿಶೇಷ ವೀಸಾ ಪಡೆದು ಅವರಲ್ಲಿ ಅನೇಕರು ಮೊದಲೇ ಸ್ಯಾಕ್ರಮೆಂಟೊ ಮುಂತಾದ ಕಡೆ ನೆಲೆಸಿದ್ದರು. ಅಂತಹವರ ಹೆಂಡಿರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆರೇಳು ಮಕ್ಕಳ ಸಂಸಾರಕ್ಕೆ ಬಾಡಿಗೆ ಮನೆ ದೊರೆಯದೆ, ತಿಂಗಳುಗಟ್ಟಲೆ ಹೋಟೆಲ್ ಕೋಣೆಗಳಲ್ಲಿಯೇ ಕಳೆದ ಕುಟುಂಬಗಳೂ ಉಂಟು. ಮೊದಲು ಬಂದವರ ಪಾಂಡಿತ್ಯವನ್ನು ಮುಂದಿಟ್ಟುಕೊಂಡು ಇವರನ್ನು ಅಳೆಯುವುದು ಸರ್ವಥಾ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಅವರು ಒಂದು ರಾಜಧಾನಿಯ ಒಂದು ವರ್ಗಕ್ಕೆ ಸೇರಿದವರು. ಇವರಾದರೋ, ನಾಲ್ಕು ದಶಕಗಳ ಯುದ್ಧವು ಪಾಠಶಾಲೆಗಳನ್ನು ಮುಚ್ಚಿಸುತ್ತಿದ್ದಂತೆಯೇ ಹುಟ್ಟಿ ಬೆಳೆದ ಜನ.

ಇವರಲ್ಲಿ ಬಹುಮಂದಿಗೆ ದೊರೆತದ್ದು ಎರಡು ವರ್ಷಗಳ ತಾತ್ಕಾಲಿಕ ಪ್ರವೇಶಾನುಮತಿ ಮಾತ್ರ. ಅವರ ವಾಸವನ್ನು ಸ್ಥಿರಗೊಳಿಸುವ ಮಸೂದೆಯೊಂದು 2022ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂದರೂ ಶಾಸನವಾಗಲಿಲ್ಲ. ಆದುದರಿಂದ ಎಷ್ಟೋ ಮನೆಗಳಲ್ಲಿ, ಸೈನಿಕ ನೆಲೆಯಲ್ಲಿ ಜನಿಸಿದ ಕೂಸು ಹುಟ್ಟಿನಿಂದಲೇ ಆ ದೇಶದ ಪ್ರಜೆ. ಹೆತ್ತವರು ಮಾತ್ರ ಅನುಮತಿಗಾಗಿ ಅರ್ಜಿ ಬರೆಯುತ್ತಲೇ ಬಂದರು.