ಕರ್ಸರ್ ಜಿಗಿಯೋದು ನಿಮ್ಮ ಕೈ ತಪ್ಪಲ್ಲ: ಟಚ್‌ಪ್ಯಾಡಿನ ಹಳೇ ಕಥಿ

ಲ್ಯಾಪ್‌ಟಾಪಿನ್ಯಾಗ ಕನ್ನಡ ಬರಿಯೋ ನಮ್ಮ ಹೆಣ್ಮಕ್ಕಳದೆಲ್ಲಾ ಒಂದೇ ತಕರಾರು. ಒಂದು ಸಾಲು ಬರಕೋತ ಹೊಂಟಿರ್ತೀವಿ, ತಲಿ ಎತ್ತಿ ನೋಡಿದ್ರ ಅಕ್ಷರ ಎಲ್ಲಾ ನಾಕು ಸಾಲು ಮ್ಯಾಲ ಹೋಗಿ ಕೂತಿರ್ತಾವ. "ನನ್ನ ಕೈನೇ ದಪ್ಪ", "ನಮ್ಮ ವಯಸ್ಸಿಗೆ ಇದು ಆಗಿಬರೂದಿಲ್ಲ", "ಹುಡುಗ್ರು ಬಡದ್ರ ಬರೋಬ್ಬರಿ ಇರ್ತದ, ನಾ ಬಡದ್ರಷ್ಟೇ ಹಿಂಗ" ಅಂತ ವೈನಿ, ಮಾವಶಿ, ಬಾಜೂ ಮನಿ ಅಕ್ಕಾರು ಎಲ್ಲಾರೂ ತಮ್ಮನ್ನ ತಾವೇ ಬೈಕೋತಾರ. ನಾ ಇದನ್ನ ಒಪ್ಪಂಗಿಲ್ಲ. ಈ ತಕರಾರಿಗೆ ಮೂವತ್ತು ವರ್ಷದ ಇತಿಹಾಸ ಅದ. ಅದು ಗೊತ್ತಾದ್ರ ರಿಪೇರಿ ಅರ್ಧ ಆದಂಗ.

ಮೊದಲ ಒಂದು ಮಾತು. ಪರದಿ ಮ್ಯಾಲ ಎರಡು ಗುರುತು ಇರ್ತಾವ. ಒಂದು ಬಾಣ, ಬೆರಳಾಡಿಸಿದ ಕಡೆ ಓಡಾಡ್ತದ. ಇನ್ನೊಂದು ಮಿಣಮಿಣ ಅನ್ನೋ ನಿಂತ ಗೆರಿ, ಅಕ್ಷರ ಬೀಳೋದು ಅದು ಇದ್ದಲ್ಲೆ. ಬಾಣ ಎಲ್ಲೆರ ಅಡ್ಡಾಡ್ಲಿ, ನಮಗೇನೂ ತ್ರಾಸಿಲ್ಲ. ಆದ್ರ ಟಚ್‌ಪ್ಯಾಡ್ ಮ್ಯಾಲ ಒಂದು ಸಣ್ಣ ಬಡಿತ ಬಿತ್ತೋ, ಮಶೀನು ಅದನ್ನ "ಕ್ಲಿಕ್" ಅಂತ ತಿಳಿದು ಬಾಣ ಇದ್ದಲ್ಲಿಗೆ ಗೆರೀನ ಎಳಕೊಂಡು ಹೋಗ್ತದ. ಜಿಗಿಯೋದು ಅಂದ್ರ ಇಷ್ಟೇ. ಆ ಬಡಿತ ಕೊಟ್ಟದ್ದು ಬೆರಳಲ್ಲ, ಹೆಬ್ಬೆರಳ ಬುಡ ಇಲ್ಲಾ ಅಂಗೈ ಅಂಚು. ಅಂಗೈ ಅಲ್ಲಿಗೆ ಯಾಕ ಬಂತು ಅನ್ನೋದೇ ಈ ಕಥಿ.

ನಾ ಪಿ.ಯು.ಸಿ. ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದಾಗ ಮಾಸ್ತರ್ರು ಮಣಿಕಟ್ಟು ಕೆಳಗ ಬಿಟ್ರ ಸ್ಕೇಲಿನಿಂದ ಎತ್ತಿಸ್ತಿದ್ರು. ಟೈಪ್‌ರೈಟರಿನ ಕೀಲಿ ಮುಂದ ಕೈ ಇಡಾಕ ಜಾಗಾನೇ ಇರ್ಲಿಲ್ಲ, ಅದರ ಮುಂದ ಬರೇ ಟೇಬಲ್ಲು. ಪೇಟಿ ನುಡಿಸೋವ್ರಂಗ ಕೈ ಗಾಳಿಯಾಗ ತೂಗಬೇಕು. ಅಕ್ಷರ ಎಲ್ಲೆ ಬೀಳ್ತದ ಅನ್ನೋದೂ ಕಾಗದ ಸುತ್ತಿದ ಉರುಳಿ ಎಲ್ಲೆ ನಿಂತದ ಅನ್ನೋದರ ಮ್ಯಾಲ. ನಾವು ಸರಿಸಿದ್ರಷ್ಟೇ ಅದು ಸರೀತಿತ್ತು.

ಕಂಪ್ಯೂಟರ್ ಪರದಿ ಬಂದ ಮ್ಯಾಲ "ಇಲ್ಲೆ" ಅಂತ ತೋರಿಸ್ಲಿಕ್ಕೆ ಒಂದು ಕೈ ಬೇಕಾತು. 1950ರ ದಶಕದ ಶುರುವಿನ್ಯಾಗ ಕೆನಡಾದ ನೌಕಾಪಡೆ ಕೆಲಸಕ್ಕ ಮಾಡಿದ ಒಂದು ಯಂತ್ರದಾಗ ಈ ಕೆಲಸಕ್ಕ ಬೌಲಿಂಗ್ ಆಟದ ಚಂಡು ಕೂಡಿಸಿದ್ರಂತ! ಅದನ್ನ ಅಂಗೈಲೆ ಉರುಳಿಸೋದು. ಆಮ್ಯಾಲ 1964ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ್ಯಾಗ ಡಗ್ಲಸ್ ಎಂಗೆಲ್‌ಬಾರ್ಟ್ ಅನ್ನೋವ್ರು ಮೌಸ್ ಯೋಚಿಸಿದ್ರು, ಅವರ ಜೊತಿಗಿದ್ದ ಬಿಲ್ ಇಂಗ್ಲಿಷ್ ಅದನ್ನ ಕಟ್ಟಿಗಿ ಡಬ್ಬಿಯಾಗ ಕೂಡಿಸಿ ಮಾಡಿದ್ರು. ಹೊಟ್ಟಿ ಕೆಳಗ ಎರಡು ಗಾಲಿ, ಹಿಂದ ಬಾಲದಂಥಾ ವಾಯರು. 1968ರ ಡಿಸೆಂಬರ್ 9ಕ್ಕ ಸ್ಯಾನ್ ಫ್ರಾನ್ಸಿಸ್ಕೋದಾಗ ತುಂಬಿದ ಸಭಾದ ಮುಂದ ಅದನ್ನ ಆಡಿಸಿ ತೋರಿಸಿದ್ರು. ನಮಗೆ ಇದರಾಗ ಬೇಕಾದ್ದು ಒಂದೇ ಸಂಗತಿ: ಮೌಸ್ ಕೀಲಿಮಣಿಯಿಂದ ದೂರ ಇತ್ತು. ಕೈ ಎತ್ತಿ ಹೋಗಿ ಹಿಡೀಬೇಕು. ಬರಿಯೋವಾಗ ಅದಕ್ಕ ಕೈ ತಾಗೋ ಮಾತೇ ಇರ್ಲಿಲ್ಲ.

ತ್ರಾಸು ಶುರು ಆದದ್ದು ಕಂಪ್ಯೂಟರ್ ಮಡಿಚಿ ಚೀಲದಾಗ ಇಡೋ ಕಾಲ ಬಂದಾಗ. ರೈಲಿನ್ಯಾಗ ತೊಡಿ ಮ್ಯಾಲ ಇಟ್ಕೊಂಡವ್ರಿಗೆ ಮೌಸ್ ಇಡಾಕ ಜಾಗಾ ಎಲ್ಲೆ? 1983ರಾಗ ಬಂದ ಗ್ಯಾವಿಲಾನ್ ಅನ್ನೋ ಅಮೆರಿಕಾದ ಮಶೀನಿನ್ಯಾಗ ಬೆರಳಾಡಿಸೋ ಪಟ್ಟಿ ಇತ್ತು ನೋಡ್ರಿ, ಆದ್ರ ಕೀಲಿಮಣಿಯ ಮ್ಯಾಲಿನ ಬದಿಗೆ, ಪರದಿ ಕಡೆ. 1989ರಾಗ ಬಂದ ಇಂಗ್ಲೆಂಡಿನ ಸಿಯಾನ್ ಕಂಪನಿಯ ಎಂ.ಸಿ. 400ದಾಗೂ ಹಂಗೇ, ಮ್ಯಾಲ. ಅಲ್ಲಿಗೆ ಅಂಗೈ ಹೋಗಾಕ ಸಾಧ್ಯನೇ ಇಲ್ಲ. ನನಗಂತೂ ಆ ಜಾಗಾನೇ ಶಾಣ್ಯಾತನದ್ದು ಅನಸ್ತದ. ಆದ್ರ ಆ ಮಶೀನು ಭಾಳ ದಿನ ನಡೀಲಿಲ್ಲ, ಅವುಗಳ ಜೋಡಿ ಆ ಜಾಗಾನೂ ಹೋತು.

ಜಾಗಾ ಬದಲಾದದ್ದು 1991ರ ಅಕ್ಟೋಬರದಾಗ. ಆ್ಯಪಲ್ ಕಂಪನಿ ಪವರ್‌ಬುಕ್ ಅಂತ ಹೊಸಾ ಲ್ಯಾಪ್‌ಟಾಪ್ ತಂತು. ಅಲ್ಲೀತನಕಾ ಬಹುತೇಕ ಎಲ್ಲಾ ಲ್ಯಾಪ್‌ಟಾಪಿನ್ಯಾಗೂ ಕೀಲಿಮಣಿ ಮುಂದಿನ ಅಂಚಿಗೇ ಇರ್ತಿತ್ತು. ಪವರ್‌ಬುಕ್ಕಿನ್ಯಾಗ ಕೀಲಿಮಣೀನ ಹಿಂದ ಪರದಿ ಹತ್ರ ಸರಿಸಿ, ಮುಂದ ಅಂಗೈ ಇಡಾಕ ಕಟ್ಟಿ ಮಾಡಿದ್ರು. ಮನಿ ಮುಂದಿನ ಕಟ್ಟಿ ಇರ್ತದಲ್ಲ, ಹಂಗ. ಆ ಕಟ್ಟಿಯ ನಟ್ಟನಡುವ ಉರುಳೋ ಗುಂಡು ಇಟ್ರು. ಮಂದಿಗೆ ಅಗದೀ ಹಿಡಿಸ್ತು. ಕೈ ಆರಾಮ, ಎಡಗೈಯವ್ರಿಗೂ ಸಮ, ಬಲಗೈಯವ್ರಿಗೂ ಸಮ. ಮುಂದ ಎಲ್ಲಾ ಕಂಪನಿಯವ್ರೂ ಅದೇ ನಮೂನಿ ಹಿಡಿದ್ರು. ಇವತ್ತು ನಮ್ಮ ಮುಂದ ಇರೋ ಲ್ಯಾಪ್‌ಟಾಪಿನ ಮುಖ ಅದೇ.

ಗುಂಡಿಗೆ ಒಂದು ರೋಗ ಇತ್ತು. ಬೆರಳಿನ ಜಿಡ್ಡು, ಧೂಳಾ, ಅರಬಿ ನೂಲು ಒಳಗ ಹೋಗಿ ಸುತ್ತಕೊಂಡು ಗುಂಡು ತಟಾಯಿಸ್ತಿತ್ತು. ಹಳೇ ಮೌಸಿನ ಹೊಟ್ಟಿಯ ರಬ್ಬರ್ ಚಂಡು ತಗದು ಉಗುರಿಲೆ ಕಸ ಕೆತ್ತಿದ್ದು ನಿಮಗೂ ನೆನಪಿರಬೇಕು. ಆದ್ರ ಗುಂಡಿನ ದೊಡ್ಡ ಗುಣ ಅಂದ್ರ, ಅಂಗೈ ತಾಗಿದ್ರ ಹೆಚ್ಚಂದ್ರ ಅದು ಒಂದೀಟು ಉರುಳ್ತದ, ಬಾಣ ಸರೀತದ. ಕ್ಲಿಕ್ ಆಗೂದಿಲ್ಲ. ಅದಕ್ಕ ಬ್ಯಾರೆ ಗುಂಡಿ ಒತ್ತಬೇಕು.

ಅತ್ತಾಗ ಅಮೆರಿಕಾದ ಯೂಟಾ ರಾಜ್ಯದಾಗ ಜಾರ್ಜ್ ಗರ್ಫೈಡ್ ಅನ್ನೋವ್ರು 1988ರಷ್ಟೊತ್ತಿಗೆ ಬೆರಳು ಸವರಿದ್ರ ತಿಳಿಯೋ ಪಟ್ಟಿ ಮಾಡಿದ್ರು. ಅದರೊಳಗ ಉರುಳೋದು, ತಿರುಗೋದು ಏನೂ ಇಲ್ಲ. ಪಟ್ಟಿ ಕೆಳಗ ತಂತಿಯಂಥಾ ಗೆರಿ ಉದ್ದಕ್ಕ, ಅಡ್ಡಕ್ಕ, ಅಂಗಳದಾಗ ಎಳಿ ರಂಗೋಲಿ ಹಾಕಿದಂಗ. ಅದರಾಗ ಸಣ್ಣಂಗ ವಿದ್ಯುತ್ತು. ನಮ್ಮ ಮೈಯಾಗ ನೀರು, ಉಪ್ಪು ಅದ ಅಲ್ಲಾ, ಬೆರಳು ಹತ್ರ ಬಂದ್ರ ಆ ವಿದ್ಯುತ್ತು ಒಂಚೂರು ಏರುಪೇರಾಗ್ತದ. ಯಾವ ಎರಡು ಗೆರಿ ಕೂಡೋ ಜಾಗಾದಾಗ ಏರುಪೇರಾತು ಅನ್ನೋದನ್ನ ಚಿಪ್ಪು ಸೆಕೆಂಡಿಗೆ ಹತ್ತಾರು ಸಲ ಎಣಿಸ್ತಿರ್ತದ. ಪೆನ್ನಿನ ಪ್ಲಾಸ್ಟಿಕ್ ಟೋಪಿಲೆ ತಿಕ್ಕಿ ನೋಡ್ರಿ, ಬಾಣ ಅಲಗೂದಿಲ್ಲ. ಒತ್ತೋ ಜೋರು ಅದಕ್ಕ ಬೇಕಾಗಿಲ್ಲ, ಮೈ ತಾಗಿದ್ರ ಸಾಕು. 1994ರ ಮೇ ತಿಂಗಳಾಗ ಆ್ಯಪಲ್‌ನವ್ರು ಪವರ್‌ಬುಕ್ 500 ಅನ್ನೋ ಸಾಲಿನ್ಯಾಗ ಗುಂಡು ತಗದು ಅದೇ ಜಾಗಾಕ್ಕ ಈ ಪಟ್ಟಿ ಕೂಡಿಸಿದ್ರು. ಕೈಗೆ ಕಟ್ಟಿ ಅಂತ ಮಾಡಿದ ಜಾಗಾದಾಗ, ಮೈ ತಾಗಿದ್ರ ಎಚ್ಚರಾಗೋ ಪಟ್ಟಿ! ಕೂಸು ಮಲಗಿಸಿದ ತೊಟ್ಟಿಲಾ ಬಾಗಲದಾಗ ಕಟ್ಟಿದಂಗ. ಅದರ ಮ್ಯಾಲ ಬಡಿದ್ರ ಕ್ಲಿಕ್ ಅನ್ನೋ ಸವಲತ್ತು ಬ್ಯಾರೆ ಕೂಡ್ತು. ಗುಂಡಿ ಒತ್ತೋ ಕೆಲಸಾ ಉಳೀತು, ಗೆರಿ ಜಿಗಿಯೋದು ಶುರು ಆತು.

ಹಂಗಂತ ಬ್ಯಾರೆ ದಾರಿನೇ ಇರ್ಲಿಲ್ಲ ಅಂತಿಲ್ಲ. ಐ.ಬಿ.ಎಂ. ಕಂಪನಿಯ ಟೆಡ್ ಸೆಲ್ಕರ್ ಅನ್ನೋವ್ರು ಕೀಲಿಗಳ ನಡುವನೇ ಒಂದು ಕೆಂಪು ಮೊಳಕಿ ಕೂಡಿಸಿದ್ರು, 1992ರ ಥಿಂಕ್‌ಪ್ಯಾಡಿನ್ಯಾಗ. ಜಿ, ಎಚ್, ಬಿ ಕೀಲಿ ಕೂಡೋ ಮೂಲಿಯಾಗ ಇರ್ತದ. ತೋರುಬೆರಳಿಲೆ ಒತ್ತಿದ ಕಡೆ ಬಾಣ ಹೋಗ್ತದ, ಅಂಗೈ ಅದಕ್ಕ ತಾಗೂದೇ ಇಲ್ಲ. ಅದು ಇನ್ನೂ ಕೆಲವು ಥಿಂಕ್‌ಪ್ಯಾಡಿನ್ಯಾಗ ಅದ. ಕಲೀಲಿಕ್ಕೆ ನಾಕು ದಿನ ಬೇಕು, ಹಂಗಾಗಿ ಮಂದಿ ಸವರೋ ಪಟ್ಟೀನೇ ಆರಿಸಿಕೊಂಡ್ರು.

ಇಷ್ಟೆಲ್ಲಾ ಯಾಕ ಹುಡುಕಿದೆ ಅಂದ್ರ, ನಮ್ಮ ಅತ್ತಿಯವ್ರ ಹಾಡಿನ ವಹಿ ನಾ ಟೈಪ್ ಮಾಡಾಕ ಹತ್ತೇನಿ. ಬೀಗರ ಹಾಡು, ಉರುಟಣಿ ಹಾಡು, ಆರತಿ, ತೊಟ್ಟಿಲ ಹಾಡು ಎಲ್ಲಾ ಅವರ ಕೈಬರಹದ್ದು. ಹಾಳಿ ಮುಟ್ಟಿದ್ರ ಪುಡಿ ಆಗ್ತಾವ. ಅವರಿಗೆ ಈಗ ಎಂಬತ್ತೆರಡು, ಕಣ್ಣು ಮಂಜು. ಟೈಪ್ ಆದದ್ದನ್ನ ನಾ ಓದಿ ಹೇಳ್ತಿದ್ದೆ. ಉರುಟಣಿ ಹಾಡಿನ ನಡುವ ತಡದು, "ಈ ನುಡಿ ಇಲ್ಲೀದಲ್ಲಾ, ಇದು ಆರತೀದು" ಅಂದ್ರು. ಕೆಳಗ ಆರತಿ ಹಾಡು ಬರಿಯೋವಾಗ ಗೆರಿ ಜಿಗಿದು ಆ ಸಾಲು ಮ್ಯಾಲ ಹೋಗಿ ಕೂತಿತ್ತು. ಅಕ್ಷರ ಒಂದೂ ತಪ್ಪಿಲ್ಲ, ಅರ್ಥಾನೂ ಕೆಟ್ಟಿಲ್ಲ, ಓದಿದವ್ರಿಗೆ ಏನೂ ಅನಸೂದಿಲ್ಲ. ಹಿಡಿದು ಹೇಳೋವ್ರು ಈ ಜಗತ್ತಿನ್ಯಾಗ ಅವರೊಬ್ಬರೇ ಉಳದಾರ. ಇನ್ನ ಹತ್ತು ವರ್ಷದ ಮ್ಯಾಲ ಮೊಮ್ಮಕ್ಕಳು ಆ ಪುಸ್ತಕಾ ನೋಡಿ ಹಂಗೇ ಹಾಡ್ತಿದ್ರು.

ಕನ್ನಡಕ್ಕ ಈ ಕಾಟ ಇಂಗ್ಲಿಷಿಗಿಂತ ಒಂದು ಕೈ ಹೆಚ್ಚು. ಕೆ.ಪಿ. ರಾವ್ ಅವರು ಹಾಕಿಕೊಟ್ಟ ಪದ್ಧತಿಯಿಂದ ಬಂದ ಕೀಲಿಮಣಿಯಾಗ ಒತ್ತಕ್ಷರಕ್ಕ ನಡುವ ಎಫ್ ಕೀಲಿ ಬಡೀಬೇಕು, "ಅಕ್ಕ" ಅನ್ನಾಕ ಅ, ಕ, ಎಫ್, ಕ. ಎಫ್ ಬಡದು ಮುಂದಿನ ಕ ಬಡಿಯೋದರೊಳಗ ಗೆರಿ ಜಿಗಿದ್ರ ಇಲ್ಲೆ "ಅಕ್" ಅಂತ ಅರ್ಧಾ ಉಳೀತದ, ಕ ಹೋಗಿ ಬ್ಯಾರೆ ಎಲ್ಲೋ ಯಾವುದೋ ಶಬ್ದದ ಹೊಟ್ಟಿಯಾಗ ಕೂಡ್ತದ. ಒಂದು ಜಿಗಿತಕ್ಕ ಎರಡು ಶಬ್ದ ಕೆಡ್ತಾವ. ಇದಕ್ಕಿಂತಾ ಘಾತ ಅಂದ್ರ, ಅಂಗೈ ಬಡದು ಜಾರಿದ್ರ ಒಂದಿಡೀ ಪರಿಚ್ಛೇದ ನೀಲಿ ಆಗಿ, ಮುಂದಿನ ಅಕ್ಷರ ಬಡದದ್ದೇ ತಡ ಎಲ್ಲಾ ಅಳಿಸಿ ಹೋಗ್ತದ. ಆವಾಗ ಗಾಬರಿ ಆಗಿ ಮುಚ್ಚಬ್ಯಾಡ್ರಿ, ಕಂಟ್ರೋಲ್ ಹಿಡಿದು ಝಡ್ ಬಡೀರಿ, ಹೊಳ್ಳಿ ಬರ್ತದ.

ನಾ ತೋರಿಸಿದ ಒಂದು ರಿಪೇರಿ ಅಂಗಡಿಯವ "ಪ್ಯಾಡೇ ಹೋಗೇದ್ರಿ, ಬದಲಿ ಮಾಡಬೇಕು" ಅಂದ. ಅದಕ್ಕಿಂತ ಮೊದಲ ಮನ್ಯಾಗ ಒಂದು ಪರೀಕ್ಷಾ ಮಾಡ್ರಿ. ದಪ್ಪನ್ನ ಲಗ್ನಪತ್ರಿಕಿ ಒಂದು ಪ್ಯಾಡ್ ಮ್ಯಾಲ ಮುಚ್ಚಿಟ್ಟು ಹತ್ತು ಸಾಲು ಬರೀರಿ. (ಬಂಗಾರದ ಬಣ್ಣದ ಚಮಕಿ ಹಾಳಿ ಅಂಟಿಸಿದ್ದು ಬ್ಯಾಡ, ಲೋಹದ ಅಂಶ ಇದ್ರ ಪ್ಯಾಡಿಗೆ ತಿಳೀತದ.) ಜಿಗಿಯೋದು ನಿಂತ್ರ ಪ್ಯಾಡು ಸುದ್ದ ಅದ, ತಾಗ್ತಿದ್ದದ್ದು ಅಂಗೈ. ನನ್ನದರಾಗ ಹಂಗೇ ಆತು, ರೊಕ್ಕಾ ಉಳೀತು.

ಇದರ ಮದ್ದೂ ಇತಿಹಾಸದೊಳಗೇ ಅದ. ಇಂಟೆಲ್ಲಿನ ಮೊದಲನೇ ಮೈಕ್ರೊಪ್ರೊಸೆಸರ್ ಕಟ್ಟಿದವರೊಳಗ ಒಬ್ಬರಾದ ಫೆಡೆರಿಕೊ ಫ್ಯಾಜಿನ್, ಕಾರ್ವರ್ ಮೀಡ್ ಜೋಡಿ ಕೂಡಿ 1986ರಾಗ ಸಿನಾಪ್ಟಿಕ್ಸ್ ಅನ್ನೋ ಕಂಪನಿ ತಗದಿದ್ರು. ಮುಂದ ಲೆಕ್ಕ ಇಲ್ಲದಷ್ಟು ಲ್ಯಾಪ್‌ಟಾಪಿಗೆ ಪ್ಯಾಡ್ ಮಾಡಿಕೊಟ್ಟದ್ದು ಅವರೇ. ಪಾಮ್‌ಚೆಕ್ ಅಂತ ಅವರದೊಂದು ಉಪಾಯ: ತಾಗಿದ್ದು ಅಗಲ ಇದ್ರ ಅಂಗೈ ಅಂತ ತಿಳಿದು ಬಿಟ್ಟುಬಿಡೋದು. ಇನ್ನೊಂದು ಉಪಾಯ, ಕೀಲಿ ಬಡದ ಮ್ಯಾಲ ಒಂದು ಕ್ಷಣ ಪ್ಯಾಡು ಕಿವಿ ಮುಚ್ಚಿಕೊಳ್ಳೋದು. ಎರಡೂ ಬರೇ ಅಂದಾಜು. ಅಂಗೈಯ ತುದಿಯಷ್ಟೇ ತಾಗಿದ್ರ ಅದೂ ಬೆರಳಿನಷ್ಟೇ ಸಣ್ಣದು, ಮಶೀನಿಗೆ ಫರಕು ತಿಳಿಯೂದಿಲ್ಲ. ನಿಧಾನ ಬಡಿಯೋ ನಮ್ಮಂಥವ್ರಿಗೆ ಎರಡು ಕೀಲಿ ನಡುವಿನ ಸಮಯನೂ ಹೆಚ್ಚು, ಅಷ್ಟರಾಗ ಅದು ಕಿವಿ ತಗದಿರ್ತದ. ಹುಡುಗ್ರು ಬಡದ್ರ ಬರೋಬ್ಬರಿ ಇರೋದು ಇದಕ್ಕೇ, ಅವರು ಜೋರು ಬಡೀತಾರ. ಮೈಗೆ ತಾಗಿಕೊಂಡ ಬಂಗಾರದ ಬಳಿ ಪ್ಯಾಡ್ ಮ್ಯಾಲ ಇಳಿದ್ರ ಅದನ್ನೂ ಬೆರಳು ಅಂತ ತಿಳೀತದ. ಗಾಜಿನ ಬಳಿಗೆ ಆ ದೋಷ ಇಲ್ಲ.

ಈಗ ಕೈಗೆ ಬರೋ ಕೆಲಸ. ವಿಂಡೋಸ್ 11 ಇದ್ರ ಸೆಟ್ಟಿಂಗ್ಸಿನ್ಯಾಗ ಬ್ಲೂಟೂತ್ ಅಂಡ್ ಡಿವೈಸಸ್, ಅದರೊಳಗ ಟಚ್‌ಪ್ಯಾಡ್, ಅದರೊಳಗ ಟ್ಯಾಪ್ಸ್ ಅಂತ ಅದ. ಅಲ್ಲೆ ಸೆನ್ಸಿಟಿವಿಟಿ "ಲೋ" ಮಾಡ್ರಿ. ಅದಕ್ಕೂ ಬಗ್ಗಲಿಲ್ಲಾಂದ್ರ ಒಂದು ಬೆರಳಿಲೆ ಬಡದು ಕ್ಲಿಕ್ ಮಾಡೋ ಗುರುತನ್ನೇ ತಗದುಬಿಡ್ರಿ. ಕ್ಲಿಕ್ ಬೇಕಾದಾಗ ಪ್ಯಾಡಿನ ಕೆಳಗಿನ ಮೂಲಿ ಒತ್ತಿದ್ರಾತು. ನನಗೆ ಕೊನೀಗೆ ಕೆಲಸಕ್ಕ ಬಂದದ್ದು ಇದೇ, 1991ರ ಗುಂಡಿನ ಪದ್ಧತಿಗೆ ಹೊಳ್ಳಿ ಹೋದಂಗ. ಮೌಸ್ ಹಚ್ಚೋವ್ರು ಮೌಸ್ ಇದ್ದಾಗ ಪ್ಯಾಡ್ ಬಂದ್ ಇರ್ಲಿ ಅಂತ ಅಲ್ಲೇ ಹೇಳಬಹುದು. ಇವ್ಯಾವೂ ಗೊತ್ತಾಗ್ಲಿಲ್ಲಾಂದ್ರ ಬರಿಯಾಕ ಕೂಡೋ ಮುಂಚೆ ಬಾಣಾನ ಬರಹ ಇಲ್ಲದ ಮೂಲಿಗೆ ದೂಡಿ ಇಡ್ರಿ. ಬಡಿತ ಬಿದ್ರೂ ಹಾಡಿನ ನಡುವ ಅಕ್ಷರ ಹೋಗೂದಿಲ್ಲ.

ಪ್ಯಾಡು ವರ್ಷಾ ವರ್ಷಾ ದೊಡ್ಡದೇ ಆಗಾಕ ಹತ್ತೇದ, 2016ರ ಮ್ಯಾಕ್‌ಬುಕ್ ಪ್ರೋದಾಗಂತೂ ಅಂಗೈ ತಪ್ಪಿಸ್ಲಿಕ್ಕೆ ಜಾಗಾನೇ ಇಲ್ಲದಂಗ ಆತು. 2017ರಾಗ ಏಸಸ್‌ನವ್ರು ಆಟ ಆಡೋವ್ರ ಸಲುವಾಗಿ ಮಾಡಿದ ಝೆಫೈರಸ್ ಅನ್ನೋದರಾಗ ಕೀಲಿಮಣೀನ ಮತ್ತ ಮುಂದಿನ ಅಂಚಿಗೆ ತಂದು ಪ್ಯಾಡನ್ನ ಬಲಕ್ಕ ಕೂಡಿಸಿದ್ರು. ನಮ್ಮಂಥಾ ಬರಿಯೋವ್ರಿಗೂ ಯಾರರೆ ಅಂಥಾದ್ದು ಸಸ್ತಾದಾಗ ಮಾಡಬಾರದಾ?

ಲಗ್ನಪತ್ರಿಕಿ ಮುಚ್ಚಿದ್ರೂ ಕಾಟ ನಿಲ್ಲಲಿಲ್ಲಾಂದ್ರ ಕಾರಣ ಬ್ಯಾರೆ. ಹಸಿ ಕೈ, ಎಣ್ಣಿ ಕೈ ಮುಟ್ಟಿದ್ರ ಒಣಾ ಅರಬಿಲೆ ಒರಸ್ರಿ, ನೀರಿನ ಹನಿನೂ ಅದಕ್ಕ ಬೆರಳೇ. ಚಾರ್ಜರ್ ಹಚ್ಚಿದಾಗಷ್ಟೇ ಬಾಣ ನಡುಗಿ, ಲೋಹದ ಮೈ ಮುಟ್ಟಿದ್ರ ಜುಂ ಅಂತಿದ್ರ ಗ್ವಾಡಿ ಸಾಕೆಟ್ಟಿನ ಅರ್ಥಿಂಗ್ ನೋಡಿಸ್ರಿ. ಪ್ಯಾಡು ಪೂರಿ ಉಬ್ಬಿದಂಗ ಒಂದು ಕಡೆ ಮ್ಯಾಲ ಎದ್ದಿದ್ರ, ಇಲ್ಲಾ ತಾನೇ ಕಟ್ ಅಂತ ಒತ್ತಿಕೊಂಡ್ರ ಅದರ ಕೆಳಗಿನ ಬ್ಯಾಟರಿ ಊದಿರಬೇಕು. ಅದನ್ನ ಒತ್ತಿ ಕೂಡಿಸಾಕ ಹೋಗಬ್ಯಾಡ್ರಿ, ಚುಚ್ಚಬ್ಯಾಡ್ರಿ, ಬೆಂಕಿ ಹತ್ತೋ ಸಾಮಾನು ಅದು. ಚಾರ್ಜರ್ ತಗದು ಬಂದ್ ಮಾಡಿ, ತಿಳಿದವ್ರ ಕಡೆ ಒಯ್ದು ಬ್ಯಾಟರಿ ಬದಲಿ ಮಾಡಿಸ್ರಿ.