ಅವರ್ ಮ್ಯಾನ್ ಇನ್ ಹವಾನಾ

ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್‌ (1904–1991) 1958ರಲ್ಲಿ ಪ್ರಕಟಿಸಿದ ಹಾಸ್ಯಮಯ ಗೂಢಚರ್ಯೆಯ ಕಾದಂಬರಿ. ತಮ್ಮ ಲಘು ಧಾಟಿಯ ಕಾದಂಬರಿಗಳಿಗೆ ಗ್ರೀನ್ ಬಳಸುತ್ತಿದ್ದ ‘ಮನರಂಜನೆ’ ಎಂಬ ವರ್ಗಕ್ಕೆ ಇದು ಸೇರಿದೆ.

ಕಥಾವಸ್ತು: ಸರ್ವಾಧಿಕಾರಿ ಬಟಿಸ್ಟಾ ಆಳ್ವಿಕೆಯ ಕ್ಯೂಬಾದ ರಾಜಧಾನಿ ಹವಾನಾದಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾರುವ ಜೇಮ್ಸ್ ವರ್ಮೋಲ್ಡ್‌ಗೆ ಗೂಢಚರ್ಯೆಯ ಗಂಧಗಾಳಿಯಿಲ್ಲ. ಮಗಳು ಮಿಲಿಯ ದುಬಾರಿ ಆಸೆಗಳನ್ನು ಪೂರೈಸಲು ಅವನು ಬ್ರಿಟಿಷ್ ಗುಪ್ತಚರ ಸಂಸ್ಥೆಯ ಹಾಥಾರ್ನ್ ಒಡ್ಡಿದ ಕೆಲಸವನ್ನು ಒಪ್ಪುತ್ತಾನೆ. ಇಲ್ಲದ ಏಜೆಂಟರನ್ನು ಸೃಷ್ಟಿಸಿ ಅವರ ಹೆಸರಿನಲ್ಲಿ ಹಣ ಪಡೆಯುತ್ತಾನೆ. ಕ್ಲೀನರಿನ ಬಿಡಿಭಾಗಗಳ ಚಿತ್ರ ಬರೆದು, ಬೆಟ್ಟಗಳಲ್ಲಿ ಕಂಡ ರಹಸ್ಯ ಸೇನಾ ಸ್ಥಾವರಗಳೆಂದು ಲಂಡನ್ನಿಗೆ ಕಳಿಸುತ್ತಾನೆ. ಆ ಸುಳ್ಳನ್ನು ಎದುರಾಳಿಗಳೂ ನಂಬಿದಾಗ ನಿಜವಾದ ಸಾವುಗಳು ಸಂಭವಿಸುತ್ತವೆ. ಅವನ ಗೆಳೆಯ ಡಾ. ಹ್ಯಾಸೆಲ್‌ಬಾಕರ್ ಕೊಲೆಯಾಗುತ್ತಾನೆ. ಕೊನೆಗೆ ಮುಖಭಂಗ ತಪ್ಪಿಸಿಕೊಳ್ಳಲು ಸಂಸ್ಥೆಯು ವರ್ಮೋಲ್ಡ್‌ನನ್ನು ಶಿಕ್ಷಿಸದೆ ಗೌರವಿಸುತ್ತದೆ.

ಹಿನ್ನೆಲೆ: ಎರಡನೆಯ ಮಹಾಯುದ್ಧದಲ್ಲಿ ಗ್ರೀನ್ ಸ್ವತಃ ಬ್ರಿಟನ್ನಿನ ಎಂಐ6 ಗುಪ್ತಚರ ಸಂಸ್ಥೆಯಲ್ಲಿದ್ದರು. ಪೋರ್ಚುಗಲ್‌ನಲ್ಲಿದ್ದ ಜರ್ಮನ್ ಏಜೆಂಟರು ಹಣಕ್ಕಾಗಿ ಕಟ್ಟುಕಥೆಗಳನ್ನು ವರದಿ ಮಾಡುತ್ತಿದ್ದುದನ್ನು ಆ ಕೆಲಸದಲ್ಲಿ ತಿಳಿದರು. ಕೃತಿಯ ಬೀಜ ಇದೇ.

ಮಹತ್ವ: ಅನರ್ಹ ಗೂಢಚಾರನಿಗಿಂತ ಅವನನ್ನು ನಂಬಲು ಹಾತೊರೆಯುವ ಅಧಿಕಾರಶಾಹಿಯೇ ಹೆಚ್ಚು ಅಪಾಯಕಾರಿ ಎಂಬುದು ಕಾದಂಬರಿಯ ಗಟ್ಟಿಯಾದ ಒಳನೋಟ. ದೇಶನಿಷ್ಠೆಗಿಂತ ವ್ಯಕ್ತಿಪ್ರೀತಿಗೆ ಅದು ಕೊಡುವ ಬೆಲೆ ನಗೆಯ ನಡುವೆಯೂ ಮನ ಕಲಕುತ್ತದೆ. ವರ್ಮೋಲ್ಡ್ ಕಲ್ಪಿಸಿದ ರಹಸ್ಯ ಸ್ಥಾವರಗಳನ್ನು ನೆನಪಿಸುವ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು (1962) ಎದುರಾದದ್ದು ಕೃತಿ ಪ್ರಕಟವಾದ ನಾಲ್ಕು ವರ್ಷಗಳ ಬಳಿಕ.

ರೂಪಾಂತರ, ಪ್ರಭಾವ: ಕ್ಯಾರಲ್ ರೀಡ್ ನಿರ್ದೇಶಿಸಿದ ಚಲನಚಿತ್ರದಲ್ಲಿ (1959) ಆಲೆಕ್ ಗಿನ್ನೆಸ್ ನಾಯಕ, ಚಿತ್ರಕಥೆ ಗ್ರೀನ್ ಅವರದೇ. ಮಾಲ್ಕಂ ವಿಲಿಯಂಸನ್ ಇದನ್ನು ಆಪೆರಾ ಆಗಿಸಿದರು (1963). ಜಾನ್ ಲೆ ಕಾರೆಯ ‘ದ ಟೇಲರ್ ಆಫ್ ಪನಾಮಾ’ (1996) ಕಾದಂಬರಿಗೂ ಇದೇ ಪ್ರೇರಣೆ.